ಓದಿದ್ದೇನೆ

ಷಡ್ಡಕರಿಬ್ಬರು ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿರಬಾರದು. ಇದ್ದರೂ ಒಂದೇ ಗೋಡೆಯ ಆಚೆ ಈಚೆ ಕೂರಬಾರದು. ಕೂರಲೇಬೇಕಾಗಿ ಬಂದರೆ, ಒಬ್ಬನಿಗೆ ಕೆಲಸ ಕೊಡಿಸಿದವನು ಇನ್ನೊಬ್ಬನಾಗಿರಲೇಬಾರದು. ಈ ಮೂರೂ ತಪ್ಪು ಒಟ್ಟಿಗೆ ಆಗಿಹೋಗಿದ್ದ ಆಸ್ಪತ್ರೆ ಅದು.

ಹಿರಿಯ ಷಡ್ಡಕ ಅಲ್ಲಿ ಕರೆಂಟಿನ ಫೋರ್‌ಮನ್. ಲೈಟು, ಜನರೇಟರು, ಎ.ಸಿ. ಎಲ್ಲವೂ ಅವನ ಕೈಯಲ್ಲಿ. ಕಿರಿಯವನು ನೆಲಮಾಳಿಗೆಯ ಸರ್ವರ್ ಕೋಣೆ ನೋಡಿಕೊಳ್ಳುವವನು. ಆಸ್ಪತ್ರೆಯಲ್ಲಿ ತೆಗೆದ ಪ್ರತಿಯೊಂದು ಎಕ್ಸ್‌ರೇ, ಪ್ರತಿಯೊಂದು ಸ್ಕ್ಯಾನಿನ ಚಿತ್ರ ಅಲ್ಲಿದ್ದ ಒಂದೇ ಒಂದು ಯಂತ್ರಕ್ಕೆ ಬಂದು, ಅಲ್ಲಿಂದ ಡಾಕ್ಟರುಗಳ ಪರದೆಗೆ ಹೋಗಬೇಕು. ಜೊತೆಗೊಂದು ಯಂತ್ರ ಬರುತ್ತದೆ ಬರುತ್ತದೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದರು, ಬಂದಿರಲಿಲ್ಲ. ಕೂತಲ್ಲಿ ನಿಂತಲ್ಲಿ ಆ ಯಂತ್ರದ ಬಿಸಿ ಎಷ್ಟಿದೆ ಎಂದು ನೋಡುತ್ತಲೇ ಇರುತ್ತಿದ್ದುದರಿಂದ ನರ್ಸುಗಳು ಅವನಿಗೆ ಇಟ್ಟ ಹೆಸರು ಥರ್ಮಾಮೀಟರ್. ಅವನೆದುರೇ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.

ಕೆಲಸ ಸಿಕ್ಕಿ ಎಂಟು ವರ್ಷವಾಗಿತ್ತು. ಆ ಎಂಟು ವರ್ಷದಲ್ಲಿ ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಫೋರ್‌ಮನ್ ಒಂದು ಮಾತು ಆಡದೆ ಎದ್ದವನಲ್ಲ. "ಇವನಿಗೆ ಕೆಲಸ ಕೊಡಿಸಿದ್ದು ನಾನು." ಅತ್ತೆಯ ಎದುರು ಹೇಳಿದ, ಕ್ಷೌರದವನ ಎದುರು ಹೇಳಿದ, ಥರ್ಮಾಮೀಟರ್‌ನ ನಾಲ್ಕು ವರ್ಷದ ಮಗಳನ್ನು ಮೊದಲ ವರ್ಷವೇ ತೊಡೆಯ ಮೇಲೆ ಕೂರಿಸಿಕೊಂಡು, "ನಿಮ್ಮಪ್ಪ ಊಟ ಮಾಡ್ತಿರೋದು ಯಾರಿಂದ ಹೇಳು?" ಎಂದೂ ಕೇಳಿದ. ಮಗು "ದೊಡ್ಡಪ್ಪನಿಂದ" ಎಂದಿತು. ಅಂದಿನಿಂದ ಕಿರಿಯವನು ಅವನನ್ನು ಭಾವ ಎಂದು ಕರೆಯುವುದನ್ನು ನಿಲ್ಲಿಸಿದ. ಸಿಟ್ಟು ಒಳಗೇ ಕೂತು ಹುಳಿಯಾಯಿತು.

ಮಾತು ನಿಂತ ಮೇಲೆ ಕೆಲಸ ನಡೆಯಬೇಕಲ್ಲ. ಹಿಂದಿದ್ದ ಆಡಳಿತಾಧಿಕಾರಿ ಬುದ್ಧಿವಂತ. ಸರ್ವರ್ ಕೋಣೆಯ ಬಾಗಿಲಿಗೆ ದಾರ ಕಟ್ಟಿದ ಒಂದು ಪುಸ್ತಕ ನೇತುಹಾಕಿಸಿದ. ಎ.ಸಿ., ಕರೆಂಟು, ಯಂತ್ರ, ಯಾವುದನ್ನು ಮುಟ್ಟುವುದಿದ್ದರೂ ಮುಟ್ಟುವವನು ಮೊದಲು ಅದರಲ್ಲಿ ಬರೆಯಬೇಕು. ಇನ್ನೊಬ್ಬ ಅದರ ಕೆಳಗೆ "ಓದಿದ್ದೇನೆ" ಎಂದು ಬರೆದು ಸಹಿ ಹಾಕಬೇಕು. ಒಳ್ಳೆಯ ಏರ್ಪಾಡು. ಆದರೆ ಆ ಮನುಷ್ಯನ ಅಕ್ಷರ ಓದುವುದೆಂದರೆ ಅವನ ಮಾತು ಕೇಳಿದ ಹಾಗೆ ಎಂದು ಥರ್ಮಾಮೀಟರ್‌ಗೆ ಮೈ ಉರಿಯುತ್ತಿತ್ತು. ಬೆಳಿಗ್ಗೆ ಬೀಗ ತೆಗೆಯುವಾಗ ಕಣ್ಣನ್ನು ಗೋಡೆಯ ಕಡೆ ಇಟ್ಟುಕೊಂಡೇ "ಓದಿದ್ದೇನೆ" ಎಂದು ಗೀಚಿ ಒಳಗೆ ಹೋಗುತ್ತಿದ್ದ. ಏಳು ವರ್ಷದಲ್ಲಿ ಒಂದು ಸಾಲನ್ನೂ ಓದಿರಲಿಲ್ಲ. ಅದನ್ನೇ ಅವನು ಸ್ವಾಭಿಮಾನ ಎಂದುಕೊಂಡಿದ್ದ. ಅಂಥ ಸ್ವಾಭಿಮಾನಕ್ಕೆ ಬೆಂಕಿ ಬೀಳಲಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಷಡ್ಡಕರ ಜಗಳದಲ್ಲಿ ಬಡವಾಗುತ್ತಿದ್ದದ್ದು ಆ ಯಂತ್ರ. ಫೋರ್‌ಮನ್ ಮಧ್ಯಾಹ್ನ ಊಟವಾದ ಮೇಲೆ ಗೋಡೆಯಾಚೆಯ ತನ್ನ ಕೋಣೆಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚುವವನು. ಅದು ಗೊತ್ತಾದ ಮೇಲೆ ಥರ್ಮಾಮೀಟರ್ ಯಂತ್ರದ ಫ್ಯಾನುಗಳನ್ನೆಲ್ಲ ಪೂರ್ತಿ ವೇಗಕ್ಕೆ ಏರಿಸಿಟ್ಟ. ಆರು ಫ್ಯಾನು, ಒಂದೊಂದೂ ಅಂಗೈ ಅಗಲ, ಆದರೆ ಕಿರುಚುವುದಕ್ಕೆ ನಿಂತರೆ ಹಲ್ಲು ಜುಮ್ಮೆನ್ನಬೇಕು. ಯಂತ್ರಕ್ಕೆ ಅಷ್ಟು ಗಾಳಿ ಬೇಕಿರಲಿಲ್ಲ. ಅವನಿಗೆ ಬೇಕಿತ್ತು.

ಹೀಗಿರುವಾಗ ಹೊಸ ಆಡಳಿತಾಧಿಕಾರಿ ಬಂದರು. ಕಡಿಮೆ ಮಾತಿನ ಹೆಂಗಸು. ಕರೆಂಟು, ಎ.ಸಿ., ಸರ್ವರ್ ಮೂರನ್ನೂ ಒಬ್ಬನೇ ಮುಖ್ಯಸ್ಥನ ಕೈಗೆ ಕೊಡುತ್ತೇನೆ, ಇನ್ನೊಬ್ಬ ಅವನ ಕೆಳಗೆ ಕೆಲಸ ಮಾಡಬೇಕು, ಗುರುವಾರ ಒಂಬತ್ತೂವರೆಗೆ ಇಬ್ಬರೂ ಬಂದು ನಿಮ್ಮ ನಿಮ್ಮ ಮಾತು ಹೇಳಿ ಎಂದರು. ಥರ್ಮಾಮೀಟರ್‌ಗೆ ಅನ್ನ ಸೇರಲಿಲ್ಲ. ಕೊಡಿಸಿದ ಕೆಲಸ ಎಂಬ ಮಾತನ್ನೇ ಎಂಟು ವರ್ಷ ನುಂಗಿದ್ದಾಯಿತು. ಇನ್ನು ದಿನಾ ಬೆಳಿಗ್ಗೆ ಅವನ ಮುಂದೆ ಕೈಕಟ್ಟಿ ನಿಂತು ರಜೆ ಕೇಳುವುದೆಂದರೆ ಬಾವಿಗೆ ಬೀಳುವುದೇ ಮೇಲು ಅನ್ನಿಸಿತು.

ಸೋಮವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಯಂತ್ರದ ಸೆಟ್ಟಿಂಗಿನ ಪುಟ ತೆರೆದ. ಕರೆಂಟು ಮತ್ತು ತಂಪಿನ ಲೆಕ್ಕವೆಲ್ಲ ಇರುವುದು ಅಲ್ಲಿ. ಯಂತ್ರದ ಹೊಟ್ಟೆಯ ಬಿಸಿ ನಲವತ್ತೆಂಟು ಡಿಗ್ರಿ ಇತ್ತು. ಎಪ್ಪತ್ತಕ್ಕೆ ಹಳದಿ ಗೆರೆ, ಎಂಬತ್ತೈದಕ್ಕೆ ಕೆಂಪು, ತೊಂಬತ್ತೈದಕ್ಕೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಪೂರ್ತಿ ವೇಗದಲ್ಲಿದ್ದ ಫ್ಯಾನುಗಳನ್ನು ಇಳಿಸಿ, ಬಿಸಿ ನೋಡಿಕೊಂಡು ತಾವೇ ಮತ್ತೆ ಏರದಂತೆ ನೂರಕ್ಕೆ ಮೂವತ್ತರಲ್ಲಿ ಬಿಗಿಯಾಗಿ ನಿಲ್ಲಿಸಿದ. ಬಿಸಿ ಏರಿದರೆ ಕರೆಂಟು ಕಡಿಮೆ ತಿಂದು ನಿಧಾನಕ್ಕೆ ಕೆಲಸ ಮಾಡು ಎಂಬ ಇನ್ನೊಂದು ಏರ್ಪಾಡಿತ್ತು, ಅದನ್ನೂ ಆರಿಸಿದ. ಕೆಲಸ ಗೊತ್ತಿದ್ದವನು, ಸುಮ್ಮನೆ ಕುರುಡಾಗಿ ಮಾಡಲಿಲ್ಲ. ಒಂದು ಗಂಟೆ ಕೂತು ನೋಡಿದ. ಬಿಸಿ ಏರಿ ಏರಿ ಎಪ್ಪತ್ತೊಂದಕ್ಕೆ ಬಂದು ನಿಂತಿತು, ಹಳದಿ ಗೆರೆಯ ಮೇಲೆ ಒಂದೇ ಡಿಗ್ರಿ. ಎ.ಸಿ. ನಡೆಯುತ್ತಿರುವವರೆಗೆ ಅದರಿಂದ ಯಾರ ಕೂದಲೂ ಕೊಂಕುವುದಿಲ್ಲ. ಆದರೆ ಮೂರು ದಿನ ಬಿಡದೆ ಹಳದಿ ಎಚ್ಚರಿಕೆ ದಾಖಲಾದರೆ ನೋಡಿದವರು ಏನೆನ್ನುತ್ತಾರೆ? ಕೋಣೆಗೆ ತಂಪು ಸಾಲದು, ಎ.ಸಿ.ಯವನು ಕೆಲಸಗಳ್ಳ ಎನ್ನುತ್ತಾರೆ. ಈ ಬದಲಾವಣೆಯನ್ನು ಅವನು ಬಾಗಿಲ ಪುಸ್ತಕದಲ್ಲಿ ಬರೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದು, ಬಾಯಿ ಒರೆಸಿಕೊಂಡು ಮನೆಗೆ ಹೋದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದು, ಗೋಡೆ ನೋಡುತ್ತ ಪುಸ್ತಕಕ್ಕೆ ಸಹಿ ಗೀಚಿ, ಎಚ್ಚರಿಕೆಗಳ ಪಟ್ಟಿ ಅಚ್ಚು ಹಾಕಿಸಿಕೊಂಡು ಮೂರನೆಯ ಮಹಡಿಗೆ ಹತ್ತಿದ.

ಉದ್ದ ಮೇಜು. ಈ ತುದಿಗೆ ಅವನು, ಆ ತುದಿಗೆ ಫೋರ್‌ಮನ್, ನಡುವೆ ಆಡಳಿತದ ಮೇಡಂ ಮತ್ತು ಇಬ್ಬರು ಡಾಕ್ಟರುಗಳು. ಫೋರ್‌ಮನ್ ಟೆಸ್ಟರಿನ ತುದಿಯಿಂದ ಉಗುರು ಕೆರೆಯುತ್ತ ಕೂತಿದ್ದ. ಥರ್ಮಾಮೀಟರ್ ಗೋಡೆಯ ಪರದೆಯ ಮೇಲೆ ಯಂತ್ರದ ಬಿಸಿಯ ಗೆರೆಯನ್ನು ಹಾಕಿ ತೋರಿಸಿದ. ಅದು ಆ ಕ್ಷಣದ ಗೆರೆ, ಕೆಳಗೆ ಆಗುತ್ತಿರುವುದನ್ನು ಅಲ್ಲೇ ಬರೆಯುವಂಥದ್ದು.

"ನೋಡಿ ಮೇಡಂ, ಮೂರು ದಿನದಿಂದ ಹಳದಿ. ಕೋಣೆಗೆ ತಂಪೇ ಬರ್ತಾ ಇಲ್ಲ. ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಈಗ ನಿಮ್ಮ ಕಣ್ಣೆದುರೇ ಏರ್ತಾ ಇದೆ."

ನಿಜಕ್ಕೂ ಏರುತ್ತಿತ್ತು. ಎಪ್ಪತ್ತಾರು. ಅವನ ಹೊಟ್ಟೆಗೆ ಹಾಲು ಎರೆದ ಹಾಗಾಯಿತು. ಎಪ್ಪತ್ತೊಂಬತ್ತು. ದೇವರೇ ತನ್ನ ಕಡೆ ಸಾಕ್ಷಿಗೆ ನಿಂತಿದ್ದಾನೆ ಎಂದುಕೊಂಡು ದನಿ ಇನ್ನಷ್ಟು ಏರಿಸಿ, ಎ.ಸಿ.ಯ ಬಗ್ಗೆ, ಅದನ್ನು ನೋಡಿಕೊಳ್ಳುವವರ ಮಧ್ಯಾಹ್ನದ ನಿದ್ದೆಯ ಬಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ಫೋರ್‌ಮನ್ ತಲೆ ಎತ್ತಲಿಲ್ಲ. ಎಡಗೈ ಮುಗಿಸಿ ಬಲಗೈ ಉಗುರಿಗೆ ಬಂದಿದ್ದ.

ಎಂಬತ್ತೇಳು ಆದಾಗ ಥರ್ಮಾಮೀಟರ್‌ನ ಮಾತು ನಿಂತಿತು. ಇದು ತನ್ನ ಲೆಕ್ಕದಲ್ಲಿ ಇರಲಿಲ್ಲ. ಎ.ಸಿ. ಇರುವಾಗ ಇಷ್ಟು ಏರಲು ಸಾಧ್ಯವೇ ಇಲ್ಲ. ಕುರ್ಚಿ ತಳ್ಳಿ ಎದ್ದು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹಾರುತ್ತ ಇಳಿದ. ಅವನು ಒಂದನೆಯ ಮಹಡಿ ದಾಟುವ ಹೊತ್ತಿಗೆ ಯಂತ್ರ ಆರಿತ್ತು.

ಬಾಗಿಲು ತೆರೆದರೆ ಕೋಣೆ ಒಲೆಯ ಬಾಯಿಯ ಹಾಗಿತ್ತು. ಎ.ಸಿ.ಯ ಮುಚ್ಚಳ ಕಳಚಿ ನೆಲದ ಮೇಲಿಟ್ಟಿದ್ದರು. ಸ್ವಚ್ಛ ಮಾಡಲು ಬಂದ ಹೊರಗಿನ ಕೆಲಸಗಾರನೊಬ್ಬ ಏಣಿಯ ಮೇಲೆ ಕೂತು ಜಾಲರಿ ಒರೆಸುತ್ತಿದ್ದ.

"ಯಾರು ಆಫ್ ಮಾಡೋಕೆ ಹೇಳಿದ್ದು?" ಎಂದು ಕೂಗಿದ.

"ಒಂಬತ್ತರಿಂದ ಹನ್ನೆರಡು ಅಂತ ಫೋರ್‌ಮನ್ ಹೇಳಿದ್ರು. ನಿಮಗೂ ಗೊತ್ತು ಅಂದ್ರು," ಎಂದು ಅವನು ಗಾಬರಿಯಿಂದ ಏಣಿ ಇಳಿದ.

ಬಿಸಿ ಇಳಿಯದೆ ಯಂತ್ರ ಹತ್ತಲಿಲ್ಲ. ಹತ್ತಿದ ಮೇಲೆ ತನ್ನೊಳಗಿನ ಚಿತ್ರಗಳೆಲ್ಲ ನೆಟ್ಟಗಿವೆಯೇ ಎಂದು ಒಂದೊಂದಾಗಿ ಪರೀಕ್ಷೆ ಮಾಡುತ್ತ ಕೂತಿತು. ಒಟ್ಟು ಇಪ್ಪತ್ತಾರು ನಿಮಿಷ. ಅಷ್ಟೂ ಹೊತ್ತು ಮೇಲಿನ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಫೋನ್ ಬರುತ್ತಲೇ ಇತ್ತು. ಕಟ್ಟಡದ ಸಾರುವೆಯಿಂದ ಬಿದ್ದ ಗಾರೆಯವನೊಬ್ಬನನ್ನು ಮೇಜಿನ ಮೇಲೆ ಮಲಗಿಸಿದ್ದರು. ತಲೆಯೊಳಗೆ ರಕ್ತ ಎಲ್ಲಿ ಕಟ್ಟಿದೆ ಎಂದು ತೋರಿಸುವ ಚಿತ್ರ ಈ ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ಕೊನೆಯ ಫೋನಿನಲ್ಲಿ ಡಾಕ್ಟರು ಬೈಯಲಿಲ್ಲ. "ಇನ್ನೆಷ್ಟು?" ಎಂದು ಮಾತ್ರ ಕೇಳಿದರು.

ಮಧ್ಯಾಹ್ನ ಮೇಲೆ ಹೋದಾಗ ಗಾರೆಯವನ ಹೆಂಡತಿ ಓಣಿಯ ಬೆಂಚಿನ ಮೇಲೆ ಕೂತಿದ್ದಳು. ಗಂಡನ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸಿಮೆಂಟು ಅಂಟಿ ಬಿಳಿಯಾದ ಚಪ್ಪಲಿ. ಇವನ ಕೊರಳಿನ ಗುರುತಿನ ಚೀಟಿ ನೋಡಿ ಎದ್ದು ನಿಂತಳು.

"ಮಿಷನ್ ಸರಿಹೋಯ್ತಾ ಅಣ್ಣ? ಅದು ಸರಿಹೋಗ್ಲಿ ಅಂತ ಕಾಯ್ತಿದ್ರಂತೆ."

"ಹೋಯ್ತಮ್ಮ," ಎಂದ. ಮೆಟ್ಟಿಲು ಅತ್ತ ಇದ್ದರೂ ಇತ್ತ ನಡೆದ.

ಸಂಜೆ ಐದಕ್ಕೆ ಫೋರ್‌ಮನ್ ಸರ್ವರ್ ಕೋಣೆಗೆ ಬಂದ. ಎ.ಸಿ. ಕೆಲಸಕ್ಕೂ ಆಳುಗಳನ್ನೇ ಕಳಿಸುತ್ತಿದ್ದ ಅವನು ಎಂಟು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಾಗಿಲಿಂದ ಬಿಚ್ಚಿದ ಪುಸ್ತಕ ಕೈಯಲ್ಲಿತ್ತು, ದಾರ ಜೋತಾಡುತ್ತಿತ್ತು. ಪುಟ ತೆರೆದು ಥರ್ಮಾಮೀಟರ್‌ನ ಮುಖದ ಹತ್ತಿರ ಹಿಡಿದ. "ಗುರುವಾರ ಒಂಬತ್ತರಿಂದ ಹನ್ನೆರಡರವರೆಗೆ ಎ.ಸಿ. ನಿಲ್ಲಿಸಿ ಸ್ವಚ್ಛ ಮಾಡಲಾಗುವುದು. ಯಂತ್ರದ ಫ್ಯಾನುಗಳನ್ನು ಪೂರ್ತಿ ವೇಗದಲ್ಲಿ ಇಡತಕ್ಕದ್ದು." ಅದರ ಕೆಳಗೆ ಇವನದೇ ಅಕ್ಷರ, "ಓದಿದ್ದೇನೆ", ಸಹಿ, ಆ ದಿನದ ತಾರೀಖು.

"ನಾಳೆ ಹತ್ತಕ್ಕೆ ಮೇಡಂ ವಿಚಾರಣೆ ಇಟ್ಟಿದ್ದಾರೆ," ಎಂದ ಫೋರ್‌ಮನ್. "ನಾನು ಹೇಳೋದು ಹೇಳ್ತೀನಿ. ಸ್ವಚ್ಛ ಮಾಡೋದು ತಡ ಆಯ್ತು, ಯಂತ್ರ ಹಳೇದು, ಯಾರದ್ದೂ ತಪ್ಪಿಲ್ಲ ಅಂತ. ಪುಸ್ತಕ ಎಲ್ಲೋ ಕಳೆದುಹೋಗಿದೆ ಅಂತೀನಿ. ನಿನ್ನ ಕೆಲಸ ಉಳಿಯುತ್ತೆ. ಮುಖ್ಯಸ್ಥನ ಜಾಗಕ್ಕೆ ನೀನು ನಿಲ್ಲಬೇಡ, ಅಷ್ಟೇ."

ಥರ್ಮಾಮೀಟರ್ ಪುಸ್ತಕ ಕೈಗೆ ತೆಗೆದುಕೊಂಡ. ಏಳು ವರ್ಷದಲ್ಲಿ ಮೊದಲ ಸಲ ಹಿಂದಿನ ಪುಟ ತಿರುಗಿಸಿ ಓದಿದ. ಜನರೇಟರಿನ ಎಣ್ಣೆ ಬದಲಿಸಿದ್ದು, ವೈರು ಎಳೆದದ್ದು, ಎಲ್ಲ ನೆಟ್ಟಗಿತ್ತು. ಎರಡು ವರ್ಷದ ಹಿಂದಿನ ಒಂದು ಪುಟದಲ್ಲಿ ಅದೇ ದುಂಡು ಅಕ್ಷರದಲ್ಲಿ ಹೀಗಿತ್ತು: "ಇದನ್ನು ಓದದೆ ಸಹಿ ಹಾಕುವವನು ಕತ್ತೆ." ಕೆಳಗೆ: "ಓದಿದ್ದೇನೆ." ಮುಂದಿನ ತಿಂಗಳು: "ನನ್ನ ದಯೆಯಿಂದ ಅನ್ನ ತಿನ್ನುತ್ತಿದ್ದೀಯೆಂದು ಈ ಮೂಲಕ ಒಪ್ಪಿದ್ದೀಯೆ." ಕೆಳಗೆ: "ಓದಿದ್ದೇನೆ." ಹೀಗೆ ಹನ್ನೊಂದು ಕಡೆ. ಪ್ರತಿಯೊಂದರ ಕೆಳಗೂ ಅವನ ಸಹಿ, ಬಾಲ ಎಳೆದು ಚುಕ್ಕಿ ಇಟ್ಟ ಅಂದದ ಸಹಿ. ಓದುತ್ತ ಓದುತ್ತ ಅವನ ಕಿವಿ ಕಾದವು. ನಾಚಿಕೆಯೋ ಸಿಟ್ಟೋ ಅವನಿಗೇ ಗೊತ್ತಾಗಲಿಲ್ಲ, ಎರಡೂ ಇದ್ದವು.

"ನಾನು ಓದಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಆದ್ರೂ ಬರೆದಿದ್ದೀನಲ್ಲ. ನಿಯಮ ಅಂದ್ರೆ ನಿಯಮ."

"ಫ್ಯಾನು ಇಳಿಸಿದ್ದೂ ಗೊತ್ತಿತ್ತಾ?"

ಫೋರ್‌ಮನ್ ನಕ್ಕ. "ಐದು ವರ್ಷ ನನ್ನ ತಲೆ ತಿಂದ ಗೋಡೆ ಸೋಮವಾರದಿಂದ ಸುಮ್ಮನಾಗಿತ್ತು. ನಾನೇನು ಕಿವುಡನಾ? ಮಂಗಳವಾರವೇ ಸ್ವಚ್ಛ ಮಾಡೋರಿಗೆ ಫೋನ್ ಮಾಡ್ದೆ."

"ಮೇಲೆ ಮೀಟಿಂಗಲ್ಲಿ ಗೆರೆ ಏರೋವಾಗ ಬಾಯಿ ಬಿಡಬಹುದಿತ್ತು."

"ನೀನು ಅಷ್ಟು ಚೆನ್ನಾಗಿ ಮಾತಾಡ್ತಿದ್ದೆ. ನಡುವೆ ಬಾಯಿ ಹಾಕೋದು ಮರ್ಯಾದೆ ಅಲ್ಲ ಅಂತ ಸುಮ್ಮನಿದ್ದೆ."

"ಮೇಲೆ ಒಬ್ಬ ಮನುಷ್ಯ ಮಲಗಿದ್ದ."

"ಅದು ನನಗೆ ಹೇಗೆ ಗೊತ್ತಾಗ್ಬೇಕು? ನಿನಗೆ ಗೊತ್ತಿತ್ತಾ?" ಎಂದ ಫೋರ್‌ಮನ್.

ಹೋಗುವಾಗ ಫೋರ್‌ಮನ್ ಪುಸ್ತಕ ತೆಗೆದುಕೊಂಡು ಹೋಗಲಿಲ್ಲ. "ನೀನೇ ಹರಿದು ಹಾಕು. ನಿನ್ನ ಸಹಿ ಇರೋದು, ನಿನ್ನ ಕೈಯಿಂದಲೇ ಆಗ್ಲಿ," ಎಂದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವನು ಲೋಕದಲ್ಲಿ ಇಲ್ಲ ಎಂಬುದು ಅವನ ಲೆಕ್ಕ. ಮನುಷ್ಯರನ್ನು ಅವನು ಕರೆಂಟಿನ ಹಾಗೆ ಅಳೆಯುತ್ತಿದ್ದ, ಸುಲಭದ ದಾರಿ ಹಿಡಿದೇ ಹಿಡಿಯುತ್ತಾರೆ ಎಂದು.

ಮನೆಗೆ ಬಂದರೆ ಹೆಂಡತಿಯ ಮುಖ ಅರಳಿತ್ತು. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಅಕ್ಕ ಫೋನ್ ಮಾಡಿದ್ಲು. ನಿಮ್ಮ ಕೈಯಲ್ಲಿ ಏನೋ ದೊಡ್ಡ ತಪ್ಪಾಗಿದೆಯಂತೆ, ಭಾವ ಅದನ್ನ ಮುಚ್ಚಿ ನಿಮ್ಮ ಕೆಲಸ ಉಳಿಸ್ತಾರಂತೆ. ಅಮ್ಮನಿಗೂ ಹೇಳಿದ್ದಾಳೆ. ಎಷ್ಟೇ ಆದ್ರೂ ದೊಡ್ಡವರು ದೊಡ್ಡವರೇ. ನಾಳೆಯಾದ್ರೂ ಅವರ ಹತ್ರ ಎರಡು ಒಳ್ಳೆ ಮಾತಾಡಿ."

ತಟ್ಟೆಯ ಮುಂದೆ ಕೂತಿದ್ದವನು ಹಾಗೇ ಎದ್ದು ಕೈ ತೊಳೆದುಕೊಂಡ. ಕೊಡಿಸಿದ ಕೆಲಸಕ್ಕೆ ಎಂಟು ವರ್ಷ. ಉಳಿಸಿದ ಕೆಲಸಕ್ಕೆ ಇನ್ನೆಷ್ಟು ವರ್ಷ? ಇನ್ನು ಮಗಳ ಮದುವೆಯಲ್ಲೂ ಆ ಮನುಷ್ಯ ನಾಲ್ಕು ಜನರ ನಡುವೆ ಕೂತು ಇದನ್ನು ಹೇಳುತ್ತಾನೆ. ಆ ಚಪ್ಪಲಿ ಹಿಡಿದು ಕೂತ ಹೆಂಗಸು ಅವನಿಗೆ ನೆನಪಾಗಲಿಲ್ಲ ಎಂದಲ್ಲ. ಆದರೆ ಅವನನ್ನು ನಿರ್ಧಾರಕ್ಕೆ ತಂದದ್ದು ಅವಳಲ್ಲ, ಸುಳ್ಳು ಹೇಳಿ ಅವನನ್ನು ಒಳ್ಳೆಯವನನ್ನಾಗಿ ಮಾಡುವುದು ಬೇಡ. ತನ್ನ ಮೂಗು ಕೊಯ್ದುಕೊಂಡಾದರೂ ಎದುರಿನವನಿಗೆ ಅಪಶಕುನ ಮಾಡಬೇಕು, ಅಷ್ಟೇ ಅವನ ತಲೆಯಲ್ಲಿ ಇದ್ದದ್ದು.

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಥರ್ಮಾಮೀಟರ್ ಮೇಡಂ ಅವರ ಮೇಜಿನ ಮೇಲೆ ಎರಡು ವಸ್ತು ಇಟ್ಟ. ಒಂದು, ಬಾಗಿಲ ಪುಸ್ತಕ, ಒಂದು ಪುಟವೂ ಹರಿಯದೆ. ಇನ್ನೊಂದು, ಯಂತ್ರ ತಾನೇ ಬರೆದಿಟ್ಟುಕೊಂಡ ದಾಖಲೆಯ ಅಚ್ಚು. ಸೋಮವಾರ ಮಧ್ಯಾಹ್ನ ಫ್ಯಾನುಗಳನ್ನು ಮೂವತ್ತಕ್ಕೆ ಬಿಗಿದವರು ಯಾರು, ಬಿಸಿಯೇರಿದರೆ ಕರೆಂಟು ಇಳಿಸುವ ಏರ್ಪಾಡು ಆರಿಸಿದವರು ಯಾರು, ಗಂಟೆ ನಿಮಿಷದ ಸಮೇತ ಅದರಲ್ಲಿತ್ತು. ಗಾಜಿನ ಬಾಗಿಲಾಚೆ ಫೋರ್‌ಮನ್ ಸರದಿಗೆ ಕಾಯುತ್ತ ನಿಂತಿದ್ದ. ಮೇಜಿನ ಮೇಲೆ ಪುಸ್ತಕ ಕಂಡು ಅವನ ಮುಖ ಸುಣ್ಣವಾಯಿತು. ಥರ್ಮಾಮೀಟರ್ ಆ ಮುಖವನ್ನು ಕಣ್ತುಂಬ ನೋಡಿದ. ಎಂಟು ವರ್ಷದಲ್ಲಿ ಅಷ್ಟು ಸುಖ ಅವನಿಗೆ ಇನ್ನೊಂದಿರಲಿಲ್ಲ.

ಮೇಡಂ ಎರಡನ್ನೂ ನಿಧಾನವಾಗಿ ನೋಡಿದರು. ಕತ್ತೆಯ ಪುಟ ಬಂದಾಗ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಇದನ್ನ ಕೊಡದೆ ಇದ್ದಿದ್ರೆ ನಿಮಗೆ ಏನೂ ಆಗ್ತಿರಲಿಲ್ಲ. ಯಾಕೆ ತಂದ್ರಿ?"

"ಇಬ್ಬರದ್ದೂ ತಪ್ಪಿದೆ ಮೇಡಂ. ನಾನು ಓದಲ್ಲ ಅಂತ ಗೊತ್ತಿದ್ದೇ ಅವರು ಬರೆದದ್ದು. ಇಬ್ಬರಿಗೂ ಆಗ್ಲಿ."

"ಸರಿ," ಎಂದು ಅವರು ಬೆರಳಚ್ಚು ಮಾಡಿದ ಒಂದು ಹಾಳೆಯನ್ನು ಅವನ ಮುಂದೆ ಸರಿಸಿದರು. "ನಿನ್ನೆ ನಡೆದದ್ದರ ವರದಿ. ಓದಿ, ಓದಿದ್ದೇನೆ ಅಂತ ಬರೆದು ಸಹಿ ಹಾಕಿ. ನಿಮ್ಮದಾದ ಮೇಲೆ ಅವರೂ ಹಾಕಬೇಕು."

ಕೈ ಅಭ್ಯಾಸಬಲದಿಂದ ತಾನೇ ಪೆನ್ನು ಎತ್ತಿ ಹಾಳೆಯ ಬುಡಕ್ಕೆ ಹೋಯಿತು. ಕಣ್ಣು ಗೋಡೆಯ ಕಡೆ ಹೋಗುತ್ತಿತ್ತು. ಅವನು ಅದನ್ನು ಎಳೆದು ತಂದು ಹಾಳೆಯ ಮೇಲೆ ಇಟ್ಟ.

ಮೊದಲ ಸಾಲಿನಲ್ಲಿ ಗಾರೆಯವನ ಹೆಸರಿತ್ತು. ಅವನಿಗೊಂದು ಹೆಸರಿದೆ ಎಂಬುದೇ ಥರ್ಮಾಮೀಟರ್‌ಗೆ ನಿನ್ನೆಯಿಂದ ಹೊಳೆದಿರಲಿಲ್ಲ. ವಯಸ್ಸು ಮೂವತ್ತನಾಲ್ಕು, ತನ್ನದೇ ವಯಸ್ಸು. ಮೇಜಿನ ಮೇಲೆ ಮಲಗಿಸಿದ್ದು ಹತ್ತು ಗಂಟೆ ಎಂಟು ನಿಮಿಷಕ್ಕೆ. ಚಿತ್ರ ಸಿಕ್ಕಿದ್ದು ಹತ್ತು ಮೂವತ್ತನಾಲ್ಕಕ್ಕೆ. ಜೀವಕ್ಕೆ ಅಪಾಯವಿಲ್ಲ. ಅದರ ಕೆಳಗಿನ ಸಾಲು ಚಿಕ್ಕದು: ಬಲಗೈಗೆ ಸ್ವಾಧೀನ ಬಂದಿಲ್ಲ, ಬರುವ ಭರವಸೆ ಕಡಿಮೆ, ತಡವಾದದ್ದು ಕಾರಣವಿರಬಹುದು. ಅದರ ಕೆಳಗೆ: ಮನೆಯಲ್ಲಿ ದುಡಿಯುವವರು ಇವರೊಬ್ಬರೇ ಎಂದು ಪತ್ನಿ ತಿಳಿಸಿದ್ದಾರೆ.

ಗಾರೆ ಎಳೆಯುವ ಕೈ. ಅವನು ಪೆನ್ನು ಹಿಡಿದ ತನ್ನ ಕೈಯನ್ನು ನೋಡಿಕೊಂಡ. ಗಾಜಿನಾಚೆ ಇದ್ದ ಮುಖ ಅವನಿಗೆ ಈಗ ಬೇಕಿರಲಿಲ್ಲ. ಅಲ್ಲಿಂದ ಬಂದ ಸುಖವೂ ಎಲ್ಲೋ ಹೋಗಿತ್ತು. ಮತ್ತೆ ಮೊದಲ ಸಾಲಿಗೆ ಹೋಗಿ ಹೆಸರಿನಿಂದ ಶುರುಮಾಡಿದ.

"ಸಹಿ ಹಾಕಿದ್ರಾ?" ಎಂದು ಮೇಡಂ ತಲೆ ಎತ್ತದೆ ಕೇಳಿದರು.

"ಇನ್ನೂ ಓದ್ತಾ ಇದ್ದೀನಿ ಮೇಡಂ," ಎಂದ.